ಮುಗುಡಿನ ಸಕ್ಕರೆ ಇಳಿದ ಸುದ್ದಿ

ದೋಸ್ತಿ ಪದ್ಮರಾಜ,

ಅಲ್ಲಿಯೂ ಎಲ್ಲರೂ ನಿನ್ನನ್ನೇ ಹೊಗಳುತ್ತಿರಬೇಕು. ಇಲ್ಲಿಯಂತೂ ನೀನು ಹೋದ ಮೇಲೂ ಅದು ನಿಂತಿಲ್ಲ. ನನಗೆ ಹೊಟ್ಟೆಕಿಚ್ಚು. ಸತ್ತವನ ಮೇಲೆ ಎಂಥ ಹೊಟ್ಟೆಕಿಚ್ಚು ಎನ್ನುತ್ತೀಯಾ? ಉಂಟು ಮಾರಾಯ, ಏನು ಮಾಡಲಿ?

ಮೂಡುಬಿದಿರೆಯ ಕಾಲೇಜಿನಲ್ಲಿ ನಾವಿಬ್ಬರೂ ಪ್ರಾಣಿಶಾಸ್ತ್ರ ವಿಭಾಗಕ್ಕೆ ಸೇರಿದ ವರ್ಷ ನೆನಪಿದೆಯೇ? ಬಂಟ್ವಾಳದ ಹೊಳೆಯಿಂದ ನಾನು ಕೊಡಪಾನದಲ್ಲಿ ಜೀವಂತ ಮುಗುಡು ಮೀನು ತಂದಿದ್ದೆ. ಕೊಯ್ದವನೂ ನಾನೇ. ಜೈನರ ಮನೆಯ ನೀನು ಕತ್ತರಿ ಮುಟ್ಟಲಿಲ್ಲ, ನನ್ನ ಬೆನ್ನ ಹಿಂದಿನಿಂದ ಇಣುಕಿ, "ಅಗೋ, ಪಿತ್ತಕೋಶದ ಹತ್ತಿರ ಬಿಳಿ ಗಂಟು ಉಂಟಲ್ಲ, ಅದೇ!" ಎಂದೆ. ಎಳ್ಳಿನಷ್ಟು ಗಂಟು. ಮನುಷ್ಯನ ಮೇದೋಜೀರಕದಲ್ಲಿ ಚದುರಿಹೋಗಿರುವ ಇನ್ಸುಲಿನ್ ಜೀವಕೋಶಗಳು ಮೀನಿನಲ್ಲಿ ಒಂದೇ ಕಡೆ ಸೇರಿರುತ್ತವೆ, ಅದನ್ನು ಕಿತ್ತು ಇನ್ನೊಂದು ಮೀನಿಗೆ ನೆಟ್ಟರೆ ಬದುಕೀತೇ ಎಂದು ಕೇಳಿದವನು ನೀನು. ಮೇಷ್ಟ್ರು ನಿನ್ನ ಬೆನ್ನು ತಟ್ಟಿದರು. ನನ್ನ ಕೈ ಇನ್ನೂ ಮೀನಿನ ಲೋಳೆಯಲ್ಲೇ ಇತ್ತು.

"ಕೊಂದ ಪಾಪ ನನಗೆ, ಹೆಸರು ನಿನಗಾ?" ಎಂದು ನಾನು ರೇಗಿದಾಗ ನೀನು ನಗಲಿಲ್ಲ. "ಪಾಪ ನನಗೂ ಉಂಟು. ನಾನು ದಿನಾ ಚುಚ್ಚಿಕೊಳ್ಳುವ ಇನ್ಸುಲಿನ್ ದನದ್ದೋ ಹಂದಿಯದ್ದೋ ಅಲ್ವಾ? ಒಮ್ಮೆ ನೆಟ್ಟರೆ ಸಾಕು ಅಂತಾದ್ರೆ..." ನಿನ್ನ ಪ್ರಶ್ನೆ ನಿನ್ನ ಸಕ್ಕರೆ ಕಾಯಿಲೆಯಿಂದಲೇ ಹುಟ್ಟಿತ್ತು. ನನ್ನದು ಎನ್ನುವ ಅಂಥ ಒಂದು ಪ್ರಶ್ನೆಯೂ ನನಗಿರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ಬಂಟ್ವಾಳದ ನಮ್ಮ ಮನೆಗೆ ನೀನು ಬಂದರೆ ಅಮ್ಮ ಮೀನಿನ ವಾಸನೆ ತಾಗದ ಬೇರೆ ಪಾತ್ರೆ ಇಳಿಸುತ್ತಿದ್ದರು. ಈರುಳ್ಳಿಯಿಲ್ಲ, ಗೆಣಸಿಲ್ಲ. "ಹೊತ್ತು ಮುಳುಗುವ ಮೊದಲು ಆ ಹುಡುಗನ ಊಟ ಆಗ್ಬೇಕು, ನೀನು ಆಮೇಲೆ ತಿನ್ನು" ಎಂದು ನನ್ನನ್ನು ಮಣೆಯಿಂದ ಎಬ್ಬಿಸಿ ನಿನ್ನನ್ನು ಕೂರಿಸುತ್ತಿದ್ದರು. ನನ್ನ ಅಮ್ಮ, ನನ್ನ ಮಣೆ!

ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂಬ ಆ ನಿಯಮವೇ ನಿನ್ನನ್ನು... ಬೆಳ್ತಂಗಡಿಯಲ್ಲಿ ಇಂಜೆಕ್ಷನ್ ತೆಗೆದುಕೊಂಡು, ನಾರಾವಿಯ ಅಕ್ಕನ ಮನೆಯಲ್ಲಿ ಬೆಳಕಿರುವಾಗಲೇ ಉಣ್ಣುತ್ತೇನೆಂದು ಬಸ್ಸು ಹತ್ತಿದೆ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು, ಸೂರ್ಯ ಮುಳುಗಿದ. ಪಕ್ಕದಲ್ಲಿ ಕೂತವರು ಬೆಲ್ಲ ಕೊಟ್ಟರೆ, ಬೆವರುತ್ತ ನಡುಗುತ್ತ "ಬೇಡ, ಹೊತ್ತು ಮುಳುಗಿತು" ಎಂದೆಯಂತೆ. ಸಕ್ಕರೆ ತೀರಾ ಇಳಿದರೆ ಜೀವ ಹೋಗುತ್ತದೆಂದು ನನಗಿಂತ ಚೆನ್ನಾಗಿ ನಿನಗೆ ಗೊತ್ತಿತ್ತಲ್ಲ? ಒಂದು ತುಂಡು ಬೆಲ್ಲ ತಿಂದಿದ್ದರೆ ಯಾವ ತೀರ್ಥಂಕರರು ಬೇಸರ ಮಾಡಿಕೊಳ್ಳುತ್ತಿದ್ದರು? ನಿನ್ನ ಮೇಲೆ ಸಿಟ್ಟು ಬರುತ್ತದೆ. ಜೀವ ಹೋದರೂ ಬಿಡಲಾರದಂಥದ್ದು ನಿನಗೊಂದು ಇತ್ತಲ್ಲ ಎಂದು ಅಸೂಯೆಯೂ ಆಗುತ್ತದೆ.

ಈಗ ಸುದ್ದಿ ಕೇಳು. ನಿನ್ನ ಗಂಟು ಬದುಕಿತು! ಒಂದು ಮುಗುಡಿನ ಗಂಟು ಕಿತ್ತೆ. ಅದರ ರಕ್ತದಲ್ಲಿ ಸಕ್ಕರೆ ಏರಿತು. ಇನ್ನೊಂದು ಮೀನಿನ ಗಂಟನ್ನು ಇದರ ಹೊಟ್ಟೆಯೊಳಗೆ ನೆಟ್ಟೆ, ಸಕ್ಕರೆ ಇಳಿಯಿತು. ಕೆಲವೇ ದಿನ. ಆಮೇಲೆ ಮೀನಿನ ಮೈ ಆ ಪರರ ಗಂಟನ್ನು ಒಪ್ಪದೆ ಕೊಂದುಹಾಕಿತು, ಸಕ್ಕರೆ ಮತ್ತೆ ಏರಿತು. ಆದರೂ ಇಳಿದದ್ದು ಸುಳ್ಳಲ್ಲ. ಮೇಷ್ಟ್ರು ನೋಡಿ ಏನೆಂದರು ಗೊತ್ತುಂಟಾ? "ಪದ್ಮರಾಜ ಹೇಳಿದ ಹಾಗೇ ಆಯ್ತಲ್ಲ ಮಾರಾಯ!"

ಇರಲಿ, ಅವರು ಹಾಗೆಯೇ. ಆದರೆ ಅವರಿಗಿಂತ ಮೊದಲು ಸಕ್ಕರೆ ಇಳಿದದ್ದನ್ನು ಕಂಡವನು ನಾನು, ನೀನಲ್ಲ, ನಾನು. ಆ ಕ್ಷಣ, ಒಂದೇ ಒಂದು ಸಲ ನಿನ್ನ ಹೊಟ್ಟೆ ಉರಿಯುವುದನ್ನು ನೋಡಬೇಕೆಂದು ಹಿಂದಕ್ಕೆ ತಿರುಗಿ, "ಏ ಪದ್ಮಾ, ಇಲ್ಲಿ ಬಾ, ನೋಡು!" ಎಂದು ಕೂಗಿಯೂ ಬಿಟ್ಟೆ.