ಸೋಪಿಗೂ ಬಗ್ಗದ ಇದ್ದಿಲು

ರೀ,

ಡ್ಯೂಟಿಗೆ ಹೊರಟೆ. ಎಬ್ಬಿಸಿದರೆ ಮತ್ತೆ ಅದೇ ವಾದ, ನನಗೆ ಸಾಕಾಗಿದೆ.

ಟೊಮೆಟೊ ಸಸಿಗಳು ಸತ್ತದ್ದು ನಾನು ನೀರು ಹಾಕದೆ ಅಲ್ಲ. ಹೊಗೆ ನಿಲ್ಲುವ ಮೊದಲೇ ನೀವು ಇದ್ದಿಲು ಸುಡುವ ಡ್ರಮ್ಮಿಗೆ ನೀರು ಸುರಿದು, ಆ ಅರೆಬೆಂದ ಇದ್ದಿಲನ್ನೇ ಗಿಡಕ್ಕೆ ಒಳ್ಳೆಯದೆಂದು ಕುಂಡದ ಮಣ್ಣಿಗೆ ಬೆರೆಸಿದಿರಿ. ಅದರಲ್ಲಿ ಉಳಿದ ಟಾರಿನಂಥ ಜಿಡ್ಡು ಬೇರನ್ನು ಸುಟ್ಟಿತು. ಚೆನ್ನಾಗಿ ಬೆಂದ ಇದ್ದಿಲು ಬರೀ ನೀರಿಗೇ ಕೈಯಿಂದ ಬಿಟ್ಟುಹೋಗುತ್ತದೆ. ನಿಮ್ಮ ಕೈಯ ಮಸಿ ಇಡೀ ಸೋಪು ತಿಂದರೂ ಹೋಗಿಲ್ಲ, ಟವೆಲ್ ಎಷ್ಟು ಕಪ್ಪಾಗಿದೆ ನೋಡಿ.

ಮೂಟೆಯಲ್ಲಿ ಉಳಿದ ಇದ್ದಿಲನ್ನು ಮತ್ತೆ ಸುಡಿ. ಈ ಸಲ ಹೊಗೆ ಪೂರ್ತಿ ನಿಲ್ಲುವವರೆಗೆ ಕಾಯಿರಿ.

ಉಜ್ಜಿ ಉಜ್ಜಿ ನಿಮ್ಮ ಕೈ ಒಡೆದಿದೆ, ಎಣ್ಣೆ ಹಚ್ಚಿಕೊಳ್ಳಿ. ಊಟ ಮುಚ್ಚಿಟ್ಟಿದ್ದೇನೆ.

ನೀವು ಇದ್ದಿಲು ಹಾಕಲು ಮರೆತ ಕುಂಡದಲ್ಲಿ ಒಂದೇ ಒಂದು ಸಸಿ ಹಸಿರಾಗಿದೆ. ಕಿಟಕಿಯಲ್ಲಿಟ್ಟಿದ್ದೇನೆ. ದಮ್ಮಯ್ಯ, ಅದಕ್ಕೆ ಮಾತ್ರ ಏನೂ ಒಳ್ಳೆಯದು ಮಾಡಲು ಹೋಗಬೇಡಿ.