ಒಂಬತ್ತು ಚುಕ್ಕಿ ಒಂದು ಎಂಟು

ಮಾರ್ಚ್ ೧೪, ಶುಕ್ರವಾರ
ಆಫೀಸಿನಿಂದ, ಊಟದ ಬಿಡುವಿನಲ್ಲಿ

ಪ್ರೀತಿಯ ಚುಕ್ಕಿ,

ನೀನು ಚೆನ್ನಾಗಿದ್ದೀಯ ಎಂದುಕೊಂಡೇ ಬರೆಯುತ್ತಿದ್ದೇನೆ. ಕೇಳಿ ತಿಳಿದುಕೊಳ್ಳುವ ದಾರಿಯನ್ನು ನಾನೇ ಮುಚ್ಚಿಕೊಂಡು ಕೂತವನು. ಪತ್ರ ತಡವಾಯಿತು. ಎರಡು ತಿಂಗಳು ತಡವಾಗಿದ್ದರೆ ಕೆಲಸದ ನೆವ ಹೇಳಬಹುದಿತ್ತು. ಆರು ವರ್ಷಕ್ಕೆ ಯಾವ ನೆವವೂ ಸಾಲುವುದಿಲ್ಲ. ನಾಲಿಗೆಯಿಂದಲೇ ಹೊಟ್ಟೆ ಹೊರೆದವನು ನಿನ್ನಣ್ಣ. ಬಣ್ಣ ಮಾಸಿದ ಹಳೇ ಟಿ.ವಿ.ಯನ್ನು "ಕಣ್ಣಿಗೆ ತಂಪು" ಎಂದು ಮಾರಿದ ಭೂಪ. ತಂಗಿಗೆ ಒಂದು ಕಾಗದ ಬರೆಯಲು ಮಾತ್ರ ಬಾಯಿ ಕಟ್ಟಿಹೋಗಿತ್ತು.

ವರ್ಷಕ್ಕೊಮ್ಮೆ ಕಂಪನಿಯ ಕಾಗದಗಳನ್ನು ನಿನ್ನ ಶಾಲೆಯ ವಿಳಾಸಕ್ಕೆ ಕಳಿಸುತ್ತೇನೆ. ಎಂಟೇ ದಿನಕ್ಕೆ ತಿರುಗಿ ಬರುತ್ತವೆ. ಗುರುತು ಹಾಕಿದ ಕಡೆಯೆಲ್ಲ ನಿನ್ನ ಸಹಿ, ಸಹಿಯ ಕೆಳಗೆ ಒಂದು ಚುಕ್ಕಿ. ಅದು ಬಿಟ್ಟರೆ ಒಂದಕ್ಷರವಿಲ್ಲ. ಲಕೋಟೆಯನ್ನು ತಲೆಕೆಳಗು ಮಾಡಿ ಜಾಡಿಸುತ್ತೇನೆ. ಹೋದ ವರ್ಷ ಸ್ವಲ್ಪ ಸೀಮೆಸುಣ್ಣದ ಪುಡಿ ಉದುರಿತು. ಅದನ್ನೂ ಸುದ್ದಿಯೆಂದೇ ಜಮಾ ಮಾಡಿಕೊಂಡೆ: ಇನ್ನೂ ಲೆಕ್ಕ ಕಲಿಸುತ್ತಿದ್ದಾಳೆ, ಇನ್ನೂ ಬೋರ್ಡಿನ ಮೇಲೇ ಬರೆಯುತ್ತಿದ್ದಾಳೆ.

ಈ ಸಲ ಕಾಗದಗಳ ಮೇಲೆ ಈ ಪತ್ರ ಇಟ್ಟಿದ್ದೇನೆ. ಸಹಿ ಹಾಕುವ ಮೊದಲು ಓದು ಮಾರಾಯ್ತಿ. ಕೈಮುಗಿದು ಕೇಳುತ್ತೇನೆ.

ಕಂಪನಿಯನ್ನು ಕೊಳ್ಳುವವರು ಬಂದಿದ್ದಾರೆ. ನಮ್ಮ ಹತ್ತು ಪಟ್ಟು ದೊಡ್ಡವರು. ಅವರು ಹೇಳಿದ ಮೊತ್ತ ಕೇಳಿ ನಾನು ನೀರು ಕುಡಿಯುವ ನೆವದಲ್ಲಿ ಆಚೆ ಹೋಗಿ ಗೋಡೆಗೆ ಒರಗಿ ನಿಂತೆ. ಈ ತಿಂಗಳ ಕೊನೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ನಾನೊಬ್ಬನೇ ಹೂಂ ಅಂದರೆ ನಡೆಯುವುದಿಲ್ಲ. ಇಬ್ಬರ ಸಹಿಯೂ ಇಲ್ಲದೆ ಮಾರಾಟವಿಲ್ಲ ಎಂದು ಮೊದಲ ದಿನವೇ ಬರೆದುಕೊಂಡಿದ್ದೆವಲ್ಲ.

ನಮ್ಮ ಲೆಕ್ಕ ತೂಗಲು ಅವರ ಕಡೆಯಿಂದ ಒಬ್ಬ ಹೆಂಗಸು ಬಂದಿದ್ದಾರೆ. ನಾನು ಅವರಿಗೆ ತಕ್ಕಡಿ ಮೇಡಂ ಎಂದು ಹೆಸರಿಟ್ಟಿದ್ದೇನೆ, ಮನಸ್ಸಿನಲ್ಲಿ. ನಗುವುದಕ್ಕೂ ಎಡಬಲ ತೂಗಿ ನೋಡುವ ಜನ. ಮೊದಲ ದಿನವೇ, "ಸರ್, ನೀವು ಮಾಡೋ ಆಟ ಯಾವುದು?" ಎಂದು ಪರೀಕ್ಷೆ ಮಾಡಿದರು. ನೀನು ಎಲ್ಲರಿಗೂ ಹೇಳುತ್ತಿದ್ದ ಮಾತನ್ನೇ ಒಪ್ಪಿಸಿದೆ: "ಆಟ ನಾವು ಮಾಡಲ್ಲ ಮೇಡಂ, ಆಟದೊಳಗಿನ ಲೋಕ ಮಾಡಿಕೊಡ್ತೀವಿ. ಎಸೆದದ್ದು ಬೀಳಬೇಕು, ತಾಗಿದ್ದು ತಾಗಬೇಕು, ಬೆಳಕಿದ್ದ ಕಡೆ ನೆರಳಿರಬೇಕು. ಅಷ್ಟು ನಮ್ಮ ಇಂಜಿನ್‌ದು. ಅದರ ಮೇಲೆ ಕುಣಿಯೋದು ಆಟ ಮಾಡೋರದು."

"ಇಂಜಿನ್ ಪುಕ್ಕಟೆ ಕೊಡ್ತೀರಿ."

"ಪುಕ್ಕಟೆ. ಆಟ ಕಟ್ಟಿ, ಮಾರಿ, ಅವರ ಹೊಟ್ಟೆ ತುಂಬಿದ ಮೇಲೆ ನೂರಕ್ಕೆ ಐದು ನಮಗೆ."

"ನೂರು ಜನ ತಗೊಂಡ್ರೆ ಹಾಗೆ ಕೊಡೋರು ಎಷ್ಟು?"

"ಒಬ್ಬರು."

"ಮಿಕ್ಕ ತೊಂಬತ್ತೊಂಬತ್ತು ಜನ?"

"ಹರಸ್ತಾರೆ, ಮೇಡಂ."

"ಅದನ್ನ ಯಾವ ಕಾಲಮ್ಮಿಗೆ ಹಾಕ್ಲಿ?"

ನೀನಿದ್ದಿದ್ದರೆ ನಗು ತಡೆಯಲಾರದೆ ಮೇಜಿನ ಕೆಳಗೆ ಪೆನ್ನು ಹುಡುಕುವ ಹಾಗೆ ಬಗ್ಗುತ್ತಿದ್ದೆ. ನಾನೂ ಒಂದು ಕಾಲದಲ್ಲಿ ಇದೇ ಪ್ರಶ್ನೆಯನ್ನು ನಿನಗೆ ಕೇಳಿದವನೇ. ಅರ್ಧ ಗಂಟೆಗೆ ಇಷ್ಟು ಎಂದು ಗಡಿಯಾರ ನೋಡಿ ಪರದೆ ಆರಿಸುತ್ತಿದ್ದ ವಿಡಿಯೊ ಗೇಮ್ ಆಟದಂಗಡಿಯವನು ನಾನು; ನನಗೆ ಪುಕ್ಕಟೆ ಎಂಬ ಪದವೇ ಅಜೀರ್ಣ. ನೀನು ಹೇಳಿದ್ದೆ: "ಆ ಒಬ್ಬರು ಯಾರು ಅಂತ ಮೊದಲೇ ಗೊತ್ತಾಗಲ್ಲ ಅಣ್ಣ. ಅದಕ್ಕೇ ನೂರು ಜನಕ್ಕೂ ಬಾಗಿಲು ತೆಗೀಬೇಕು." ನಾನು ಗೊಣಗುತ್ತಲೇ ಒಪ್ಪಿದೆ. ಇವತ್ತು ಈ ಕಟ್ಟಡದ ಎರಡು ಮಹಡಿ, ಎಪ್ಪತ್ತು ಕುರ್ಚಿ, ಕಾಫಿ ಯಂತ್ರ ಎಲ್ಲವೂ ಆ ಒಂದು ಮಾತಿನ ಮೇಲೆ ನಿಂತಿವೆ. ಇದನ್ನು ನಿನ್ನೆದುರು ಒಮ್ಮೆಯೂ ಹೇಳಿರಲಿಲ್ಲ. ಈಗ ಹೇಳಿದ್ದೇನೆ, ಬರೆದಿಟ್ಟುಕೋ.

ಬೆಳವಣಿಗೆ ಎಲ್ಲಿದೆ ಎಂದು ಮೇಡಂ ಕೇಳಿದರು. ಅದು ಆಟದ ಹೊರಗಿದೆ ಚುಕ್ಕಿ, ನೀನು ನಂಬುವುದಿಲ್ಲ. ಮನೆ ಕಟ್ಟುವವರು ಇನ್ನೂ ಪಾಯ ತೆಗೆಯದ ಮನೆಯೊಳಗೆ ಕೊಳ್ಳುವವರನ್ನು ನಮ್ಮ ಇಂಜಿನ್ ಮೇಲೇ ಅಡ್ಡಾಡಿಸುತ್ತಾರೆ. ಡ್ರೈವಿಂಗ್ ಕಲಿಸುವವರಿದ್ದಾರೆ. ಕ್ರೇನ್ ನಡೆಸುವುದನ್ನು ಹೇಳಿಕೊಡುವವರಿದ್ದಾರೆ. ಇವರೆಲ್ಲ ತಲೆಗಿಷ್ಟು ಎಂದು ವರ್ಷಕ್ಕೆ ಮುಂಚಿತವಾಗಿ ಕೊಟ್ಟು ರಸೀದಿ ಕೇಳುವ ಜನ. ಮೂರು ವರ್ಷದ ಹಿಂದೆ ನಮ್ಮ ಆದಾಯದಲ್ಲಿ ನೂರಕ್ಕೆ ನಾಲ್ಕು ಪಾಲು ಇವರದಿತ್ತು, ಈಗ ಮೂವತ್ತು. ಇನ್ನು ಐದು ವರ್ಷಕ್ಕೆ ಆಟದವರನ್ನು ಮೀರಿಸುತ್ತಾರೆ.

ಇಲ್ಲಿಯವರೆಗೆ ಮೇಡಂ ಮುಖ ಅರಳಿತ್ತು. ಆಮೇಲೆ ಎರಡು ಷರತ್ತು ಇಟ್ಟರು.

ಒಂದು, ನೂರಕ್ಕೆ ಐದು ಬೇಡ; ನಮ್ಮ ಇಂಜಿನ್ ಮೇಲೆ ಮಾಡಿದ ಆಟವನ್ನು ಯಾರೇ ಫೋನಿಗೆ ಇಳಿಸಿಕೊಂಡರೂ, ಇಳಿಸಿಕೊಂಡ ಪ್ರತಿ ಸಲಕ್ಕೂ ಆಟ ಮಾಡಿದವರು ಇಷ್ಟು ಕಾಸು ಕಟ್ಟಬೇಕು. ಆಟದಿಂದ ಅವರಿಗೆ ದುಡ್ಡು ಬಂದಿರಲಿ, ಬಿಡಲಿ. ನನ್ನೊಳಗಿನ ಆಟದಂಗಡಿಯವನು ಕುಣಿದೇಬಿಟ್ಟ, ಸುಳ್ಳು ಹೇಳುವುದಿಲ್ಲ.

ಇನ್ನೊಂದು, ನಿನ್ನ ತಪ್ಪು. ಅದೇ, ಗುರುತ್ವದ ಅಂಕೆ. ಒಂಬತ್ತು ಪಾಯಿಂಟ್ ಎಂಟು ಒಂದು ಇರಬೇಕಾದ ಕಡೆ ಒಂಬತ್ತು ಪಾಯಿಂಟ್ ಒಂದು ಎಂಟು ಬಿದ್ದು, ನಮ್ಮ ಲೋಕದಲ್ಲಿ ಎಲ್ಲವೂ ಒಂದು ಕೂದಲೆಳೆ ನಿಧಾನವಾಗಿ ಬೀಳುತ್ತದಲ್ಲ, ಅದನ್ನು ಹೊಸ ಆವೃತ್ತಿಯಲ್ಲಿ ತಿದ್ದಬೇಕಂತೆ. ಕ್ರೇನಿನಿಂದ ಜಾರಿದ ಕಂಬ ನಿಜವಾದ ಕಂಬದಂತೆ ಬೀಳದಿದ್ದರೆ ಕಲಿಯುವವನು ತಪ್ಪು ಕಲಿಯುತ್ತಾನೆ ಎಂಬುದು ಅವರ ವಾದ. ವಾದದಲ್ಲಿ ಲೋಪವಿಲ್ಲ. ಆದರೆ ನಿನಗೆ ಆ ಮೊಲ ನೆನಪಿದೆಯೇ? ಎರಡನೇ ಆವೃತ್ತಿಯಲ್ಲಿ ಯಾರೋ ಉತ್ಸಾಹಿ ಆ ಅಂಕೆಯನ್ನು ತಿದ್ದಿ ಒಂದು ದಿನ ಬಿಟ್ಟಿದ್ದಕ್ಕೆ, "ನನ್ನ ಮೊಲ ಗೋಡೆ ಹತ್ತುತ್ತಾ ಇಲ್ಲ, ಏನ್ ಮಾಡಿದ್ರಿ ಅದಕ್ಕೆ?" ಎಂದು ಮೊಲದ ಆಟ ಮಾಡಿದ್ದ ಒಬ್ಬಳು ಅಳುತ್ತಾ ಫೋನ್ ಮಾಡಿದ್ದಳು. ಎಲ್ಲರ ಆಟದಲ್ಲೂ ಹಾರಿದವರೆಲ್ಲ ಹಳ್ಳಕ್ಕೆ! ಸಂಜೆಯೊಳಗೆ ಹಳೇ ಅಂಕೆಯನ್ನೇ ವಾಪಸ್ಸು ಹಾಕಿದೆವು. ಅವತ್ತು ನೀನು ಕೂತು ಲೆಕ್ಕ ಹಾಕಿದೆ: ನಮ್ಮಲ್ಲಿ ಹಾರಿದವರು ನೂರಕ್ಕೆ ಏಳು ಪಾಲು ಹೆಚ್ಚು ಹೊತ್ತು ಗಾಳಿಯಲ್ಲಿರುತ್ತಾರೆ. ಆಟ ಮಾಡುವವರು ಅದಕ್ಕೆ "ಮೆತ್ತನೆ ಬೀಳು" ಎಂದು ಹೆಸರನ್ನೇ ಇಟ್ಟಿದ್ದಾರೆ. ಅದಕ್ಕಾಗಿಯೇ ನಮ್ಮಲ್ಲಿಗೆ ಬರುವವರಿದ್ದಾರೆ. ನಿನ್ನ ತಪ್ಪು ನಮ್ಮ ಬ್ರ್ಯಾಂಡ್ ಆಗಿ ಕೂತಿದೆ.

ಮಂಗಳವಾರ ಬಾಗಿಲು ತಾತ ಬಂದಿದ್ದರು. ನಿನ್ನ ಶಿಷ್ಯ. ಕೈ ನಡುಗುತ್ತದೆಂದು ಬಡಗಿ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದವರನ್ನು ಕರೆತಂದು ಇಂಜಿನ್ ಒಳಗೆ ಬಾಗಿಲು ಮಾಡುವುದನ್ನು ಕಲಿಸಿದೆಯಲ್ಲ, ಈಗ ನಮ್ಮ ಆನ್‌ಲೈನ್ ಸಾಮಾನಿನ ಅಂಗಡಿಯಲ್ಲಿ ಅವರ ಇನ್ನೂರ ಹನ್ನೆರಡು ಬಾಗಿಲುಗಳಿವೆ. ಆಟ ಮಾಡುವವರು ಕೊಂಡು ಕೊಂಡು ತಮ್ಮ ಅರಮನೆಗೂ ಹಡಗಿಗೂ ಹಾಕಿಕೊಳ್ಳುತ್ತಾರೆ. ಇಳಿಸಿಕೊಂಡಾಗೆಲ್ಲ ಕಾಸು ಎಂಬ ಷರತ್ತಿನ ಸುದ್ದಿ ಅವರ ಕಿವಿಗೂ ಬಿದ್ದಿದೆ.

"ನೋಡಪ್ಪ," ಎಂದರು, ಕುರ್ಚಿಯ ಕೀಲು ಅಲ್ಲಾಡಿಸಿ ನೋಡಿ ಆಮೇಲೆ ಕೂತು. "ನಲವತ್ತು ವರ್ಷ ಬಾಗಿಲು ಮಾಡ್ಕೊಟ್ಟಿದ್ದೀನಿ. ಮಾಡಿದ್ದಕ್ಕೆ ದುಡ್ಡು ಇಸ್ಕೊಂಡೆ. ತೆಗೆದಾಗೆಲ್ಲ ಇಷ್ಟು ಕೊಡಿ ಅಂತ ಯಾರ ಮನೆ ಮುಂದೂ ನಿಂತೋನಲ್ಲ."

"ತಾತ, ಈಗ ಕಾಲ ಬದಲಾಗಿದೆ."

"ಬಾಗಿಲು ಬದಲಾಗಿಲ್ವಲ್ಲ?"

ತಾತ ಅಷ್ಟಕ್ಕೇ ಬಿಡಲಿಲ್ಲ. "ಪರೀಕ್ಷೆಗೆ ಅಂತ ಕಳಿಸಿದ್ರಲ್ಲ, ಆ ಹೊಸದರಲ್ಲಿ ನನ್ನ ನೆಲಮಾಳಿಗೆ ಬಾಗಿಲು ಹಾಕಿ ನೋಡ್ದೆ. ಮೊದಲು ಹೂವಿನ ಹಾಗೆ ಮುಚ್ಕೊಳ್ತಿತ್ತು, ಈಗ ಧಡಾರ್ ಅನ್ನುತ್ತೆ. ಯಾರು ಕೈ ಹಾಕಿದ್ದು? ಚುಕ್ಕಿ ಇದ್ದಿದ್ರೆ ಹೀಗಾಗ್ತಿತ್ತಾ? ಆ ಹುಡುಗಿ ಯಾವಾಗ ಬರ್ತಾಳೆ?"

"ರಜೆ ಮೇಲೆ ಹೋಗಿದ್ದಾಳೆ ತಾತ."

"ಆರು ವರ್ಷದಿಂದ ಇದನ್ನೇ ಹೇಳ್ತಿದ್ದೀಯ," ಎಂದು ಎದ್ದರು. ಹೋಗುವಾಗ ನನ್ನ ಕೋಣೆಯ ಬಾಗಿಲನ್ನು ಎರಡು ಸಲ ಹಾಕಿ ತೆಗೆದು, "ಇದೂ ಸರಿಯಾಗಿ ಕೂರ್ತಿಲ್ಲ," ಎಂದರು.

ಆಮೇಲೆ ನಾನೇ ಒಂದು ದಾರಿ ಯೋಚಿಸಿದೆ. ಎರಡೂ ಅಂಕೆ ಇರಲಿ. ಆಟದವರಿಗೆ ಮೆತ್ತನೆ ಬೀಳು, ಕ್ರೇನಿನವರಿಗೆ ನಿಜವಾದ ಬೀಳು. ಯಾರಿಗೆ ಯಾವುದು ಬೇಕೋ ಅದನ್ನು ಆರಿಸಿಕೊಳ್ಳಲಿ. ಕ್ರೇನಿನವರ ಹಣದಿಂದ ಆಟದವರ ಬಾಗಿಲನ್ನು ಪುಕ್ಕಟೆ ತೆರೆದಿಡಬಹುದು. ಮಾರದೆಯೇ ಐದು ವರ್ಷದಲ್ಲಿ ನಾವು ಎರಡು ಪಟ್ಟಾಗಬಹುದು. ಮೂರು ಸಲ ಕೂಡಿ ಕಳೆದು ನೋಡಿದ್ದೇನೆ. ಆದರೆ ಒಂದು ಅಂಕೆ ತೆಗೆದು ಇನ್ನೊಂದು ಹಾಕಿದಷ್ಟು ಸುಲಭವಲ್ಲ ಎರಡನ್ನೂ ಇಡುವುದು; ಆ ಭಾಗಕ್ಕೆ ಕೈ ಹಾಕಲು ನಮ್ಮ ಇಂಜಿನಿಯರುಗಳು ಒಪ್ಪುತ್ತಿಲ್ಲ. "ಇದನ್ನ ಬರೆದೋರು ಬೇಕು ಸರ್, ಒಂದು ಎಳೆ ಎಳೆದ್ರೆ ಎಲ್ಲಾ ಬಿಚ್ಕೊಳುತ್ತೆ," ಎನ್ನುತ್ತಾರೆ. ಬರೆದವರು ಎಂದರೆ ಯಾರು ಎಂದು ಅವರಿಗೆ ಗೊತ್ತಿಲ್ಲ, ಪಾಪ. ಕಡತದ ತಲೆಯಲ್ಲಿ ನಿನ್ನ ಹೆಸರಿನ ಜಾಗದಲ್ಲಿ ಒಂದು ಚುಕ್ಕಿಯಷ್ಟೇ ಇದೆ. ಅಚ್ಚಿನ ದೋಷ ಎಂದುಕೊಂಡಿದ್ದಾರೆ.

ಮಾರಿದರೆ ಏನಾಗುತ್ತದೆ ಎಂಬ ಲೆಕ್ಕವನ್ನೂ ಹಾಕಿದೆ. ನಿನಗೆ ನಿನ್ನ ಪಾಲು ಬರುತ್ತದೆ, ಶಾಲೆಯನ್ನೇ ಕೊಂಡುಕೊಳ್ಳಬಹುದು. ನನಗೆ ನನ್ನದು. ಎಲ್ಲ ಬರೆದು ಗೆರೆ ಎಳೆದ ಮೇಲೆ ಒಂದು ಬಾಬತ್ತು ಬಿಟ್ಟುಹೋಗಿದೆ ಅನ್ನಿಸಿತು. ಮಾರಿದ ಮೇಲೆ ವರ್ಷಕ್ಕೊಮ್ಮೆ ನಿನಗೆ ಕಾಗದ ಕಳಿಸಲು ನನಗೆ ಕಾರಣವೇ ಇರುವುದಿಲ್ಲ. ಎಂಟನೇ ದಿನ ಲಕೋಟೆ ಬರುವುದಿಲ್ಲ. ಜಾಡಿಸಿ ನೋಡಲು ಏನೂ ಇರುವುದಿಲ್ಲ.

ನಿನ್ನ ಮೇಜನ್ನು ಯಾರಿಗೂ ಕೊಟ್ಟಿಲ್ಲ. ಒಂದು ಕಾಲು ಗಿಡ್ಡವೆಂದು ನೀನು ಮಡಚಿಟ್ಟ ರಟ್ಟು ಅಲ್ಲೇ ಇದೆ. ಗುಡಿಸುವವರಿಗೆ ಅದನ್ನು ಮುಟ್ಟಬೇಡಿ ಎಂದು ವಾರಕ್ಕೊಮ್ಮೆ ಹೇಳುತ್ತೇನೆ. ನನಗೆ ಮರುಳು ಎಂದುಕೊಂಡಿದ್ದಾರೆ.

ಊಟದ ಬಿಡುವು ಮುಗಿದು ಬಹಳ ಹೊತ್ತಾಯಿತು. ನಿನ್ನ ಮಕ್ಕಳು ನಿನ್ನ ಮಾತು ಕೇಳಲಿ, ನಿನ್ನ ಗಂಟಲು ಕಟ್ಟದಿರಲಿ, ನಿನ್ನ ಬೋರ್ಡು ಯಾವಾಗಲೂ ತುಂಬಿರಲಿ. ನನ್ನಂಥವನ ಹಾರೈಕೆಗೆ ಬೆಲೆ ಎಷ್ಟೋ ಗೊತ್ತಿಲ್ಲ. ಇದ್ದಷ್ಟೂ ನಿನಗೇ.

ಎಂದೆಂದಿಗೂ,
ನಿನ್ನ ಅಣ್ಣ

ಮರೆತ ಮಾತು: ಮರೆತದ್ದಲ್ಲ, ಇಷ್ಟು ಹೊತ್ತು ಸುತ್ತಿ ಬಳಸಿದ್ದು.

ಮೇಡಂ ಕೊಟ್ಟ ಪ್ರಶ್ನೆಗಳ ಪಟ್ಟಿಯಲ್ಲಿ ನಲವತ್ತೊಂದನೆಯದು ಹೀಗಿದೆ: "ಗುರುತ್ವದ ಮೂಲ ದೋಷಕ್ಕೆ ಹೊಣೆ ಯಾರು?" ಮುಂದೆ ಒಂದು ಖಾಲಿ ಗೆರೆ. ಹದಿನೈದು ದಿನ ಆ ಗೆರೆಯನ್ನು ನೋಡುತ್ತಾ ಕೂತೆ.

ಈ ಪತ್ರವನ್ನು ತಿರುಗಿ ಓದಿದೆ. ಎರಡು ಕಡೆ "ನಿನ್ನ ತಪ್ಪು" ಎಂದು ಬರೆದಿದ್ದೇನೆ. ಹದಿನಾಲ್ಕು ವರ್ಷದಿಂದ ಹೇಳಿ ಹೇಳಿ ಕೈಗೂ ರೂಢಿಯಾಗಿಬಿಟ್ಟಿದೆ. ಹೊಡೆದುಹಾಕಲು ಹೋದೆ, ಬೇಡವೆಂದು ಬಿಟ್ಟೆ. ನಾನು ಎಂಥವನು ಎಂಬುದಕ್ಕೆ ಸಾಕ್ಷಿ ಇರಲಿ.

ಆಟದಂಗಡಿಯ ಹಿಂದಿನ ಕೋಣೆ. ನೀನು ಕೀಲಿಮಣೆಯ ಮುಂದೆ, ನಾನು ಪುಸ್ತಕ ಹಿಡಿದು ಅಂಕೆಗಳನ್ನು ಓದಿ ಹೇಳುತ್ತಿದ್ದೆ. ಅಮ್ಮ ಲೆಕ್ಕ ಹೇಳಿಕೊಡುವಾಗ ಪಾಯಿಂಟ್ ಅನ್ನುತ್ತಿರಲಿಲ್ಲ, ಚುಕ್ಕಿ ಅನ್ನುತ್ತಿದ್ದಳು; ನನ್ನ ಬಾಯಲ್ಲೂ ಅದೇ. "ಒಂಬತ್ತು, ಚುಕ್ಕಿ..." ಎಂದೆ. ನೀನು ಕೆಲಸದಲ್ಲಿ ಮುಳುಗಿದ್ದೆ, ಕತ್ತೆತ್ತಿ, "ಏನಣ್ಣ?" ಎಂದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗುವಿನಲ್ಲಿ ಸಾಲು ತಪ್ಪಿ, ನಾನು "ಒಂದು ಎಂಟು" ಎಂದು ಓದಿದೆ. ನೀನು ನಾನು ಹೇಳಿದ್ದನ್ನೇ ಒತ್ತಿದೆ.

ತಪ್ಪು ನನ್ನ ಓದಿನದು ಎಂದು ಮರುವಾರವೇ ನನಗೆ ಗೊತ್ತಾಯಿತು. ಇಂಜಿನ್ ನೋಡಲು ಬಂದವನೊಬ್ಬ ಆ ಅಂಕೆ ಕಂಡು ನಕ್ಕಾಗ ನೀನು "ನನ್ನ ಕೈತಪ್ಪು" ಎಂದುಬಿಟ್ಟೆ, ಮಾರುವವನ ಮಾನ ಹೋಗಬಾರದೆಂದು. ನಾನು ಸುಮ್ಮನಿದ್ದೆ. ಅಷ್ಟಾಗಿದ್ದರೆ ಪರವಾಗಿರಲಿಲ್ಲ. ಆರು ವರ್ಷದ ಹಿಂದೆ, ತಂತ್ರಜ್ಞಾನದ ವಿಭಾಗ ನಿನ್ನ ಕೈಯಲ್ಲಿರಬೇಕೋ ಹೊರಗಿನವರ ಕೈಯಲ್ಲೋ ಎಂದು ದುಡ್ಡು ಹಾಕಿದವರು ಕೇಳಿದ ದಿನ, ನೀನು ಎದುರಿಗೇ ಕೂತಿರುವಾಗಲೇ, "ಗುರುತ್ವದ ಅಂಕೆಯನ್ನೇ ಸರಿಯಾಗಿ ಒತ್ತದವಳು" ಎಂದು ನಗೆಯಾಡಿದೆ. ಎಲ್ಲರೂ ನಕ್ಕರು. ನೀನು ನನ್ನನ್ನು ಒಂದು ಸಲ ನೋಡಿದೆ. "ಓದಿದ್ದು ನೀನು" ಎಂಬ ಎರಡು ಪದ ನಿನ್ನ ಬಾಯಲ್ಲಿತ್ತು. ಹೇಳಲಿಲ್ಲ. ಚೀಲ ತೆಗೆದುಕೊಂಡು ಹೊರಟವಳು ತಿರುಗಿ ಬರಲಿಲ್ಲ.

ಇವತ್ತು ಬೆಳಿಗ್ಗೆ ನಲವತ್ತೊಂದನೇ ಗೆರೆಯ ಮೇಲೆ ನನ್ನ ಹೆಸರು ಬರೆದು, ಮೇಡಂ ಎದುರಿಗೇ ಓದಿ ಹೇಳಿದೆ. ಅವರು ತೂಗಿ ನೋಡಿ, "ಇಷ್ಟು ವರ್ಷ ಯಾಕೆ ಹೇಳಲಿಲ್ಲ ಸರ್?" ಎಂದರು. "ಕೇಳಬೇಕಾದವಳು ಕೇಳಲಿಲ್ಲ ಮೇಡಂ," ಎಂದೆ. ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ.

ಮಾರಾಟದ ಕಾಗದದಲ್ಲಿ ನಾನು ಸಹಿ ಹಾಕಿಲ್ಲ. ನೀನು ಹಾಕುವುದೂ ಬಿಡುವುದೂ ನಿನ್ನಿಷ್ಟ. ಈ ಸಲ ನನಗೆ ಬೇಕಾದದ್ದು ನಿನ್ನ ಸಹಿಯಲ್ಲ. ಅವತ್ತಿನ ಸಾಲನ್ನು ಮೊದಲಿನಿಂದ ಓದುತ್ತೇನೆ, ಕತ್ತೆತ್ತಿ ಆ ಒಂದು ಮಾತು ಹೇಳು, ಸಾಕು. ಮುಂದಿನ ಅಂಕೆಗಳನ್ನು ಈ ಸಲ ಸರಿಯಾಗಿ ಹೇಳುತ್ತೇನೆ.

ಒಂಬತ್ತು, ಚುಕ್ಕಿ...