ಬಾಯಾರಿಕೆಗೆ ಚಿಗಳಿ

ಮಾರ್ಚ್ 13, ಬುಧವಾರ

ಅಂಗನವಾಡಿಗೆ ಹದಿನಾಲ್ಕು ಮಕ್ಕಳು. ಹೆಸರುಕಾಳು ಬೇಯುವಷ್ಟರಲ್ಲಿ ಹನ್ನೆರಡಾಯಿತು. ಸೂಪರ್‌ವೈಸರ್ ಮೇಡಂ ಬಂದಿದ್ದರು. ತೂಕದ ರಿಜಿಸ್ಟರ್ ನೋಡಿ, ಕುಮುದಾ ಟೀಚರ್ ನಿಮ್ಮದು ನೀಟ್ ಅಂದರು. ಯಾವ ಮಗು ಏನು ತಿನ್ನಬೇಕು ಅಂತ ಇಪ್ಪತ್ತೆರಡು ವರ್ಷದಿಂದ ಬರೆದುಕೊಂಡು ಬಂದವಳು ನಾನು. ನೀಟ್ ಇರದೆ ಏನು.

ಅಂಗನವಾಡಿ ಮುಚ್ಚಿ ತಮ್ಮನ ಮನೆಗೆ. ಕಾಂತರಾಜನಿಗೆ ಡಯಾಲಿಸಿಸ್ ಶುರುವಾಗಿ ಹದಿನೇಳು ತಿಂಗಳು. ಮಂಗಳವಾರ, ಶುಕ್ರವಾರ ರಿಪ್ಪನ್‌ಪೇಟೆಯಿಂದ ಸಾಗರಕ್ಕೆ ಬಸ್ಸು. ಕಿಡ್ನಿ ಕೆಲಸ ನಿಲ್ಲಿಸಿದವನಿಗೆ ದಿನಕ್ಕೆ ಅರ್ಧ ಲೀಟರ್ ನೀರು, ಅಷ್ಟೇ. ಹೆಂಡತಿ ಹೇಮಾವತಿ ಬಾಟಲಿಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದಿಟ್ಟಿದ್ದಾಳೆ. ಮದುವೆಯಾಗಿ ಬಂದ ದಿನದಿಂದ ಅವಳದು ಎಲ್ಲಕ್ಕೂ ಅಳತೆಯೇ. ಇವನು ಆ ಗೆರೆ ನೋಡುತ್ತ ಕೂತಿದ್ದ. ನಲವತ್ತೆರಡನೇ ವಯಸ್ಸಿಗೇ ಈ ಗತಿ.

ಮಾರ್ಚ್ 16, ಶನಿವಾರ

ಹೇಮಾ ಅಂಗಡಿಗೆ ಹೋಗಿದ್ದಳು. ಕಾಂತ ಮೆಲ್ಲಗೆ ಕೇಳಿದ.

"ಅಕ್ಕಾ, ಅಮ್ಮ ಚಿಗಳಿ ಮಾಡ್ತಿತ್ತಲ್ಲ... ಮಾಡ್ಕೊಡ್ತೀಯಾ? ಬಾಯಲ್ಲಿ ಎಂಜಲೇ ಇಲ್ಲ ಮಾರಾಯ್ತಿ."

ಎಷ್ಟು ವರ್ಷವಾಯಿತು ಆ ಮಾತು ಕೇಳಿ. ಕವಲೇದುರ್ಗದ ಕೆಳಗೆ ನಮ್ಮೂರು. ಬೇಸಿಗೆಯಲ್ಲಿ ಅಮ್ಮನ ಜೊತೆ ಒಣ ಎಲೆ ಗುಡಿಸಿ ತರಲು ಗುಡ್ಡ ಹತ್ತುತ್ತಿದ್ದೆವು. ತಲೆ ಮೇಲೆ ಬುಟ್ಟಿ, ಕೈಯಲ್ಲಿ ಕತ್ತಿ — ನೀರು ಹೊರುವವರು ಯಾರು? ಅಮ್ಮ ಇಬ್ಬರಿಗೂ ಒಂದೊಂದು ಚಿಗಳಿ ಕೊಡುತ್ತಿದ್ದಳು. ಹುಣಸೆಹಣ್ಣು, ಬೆಲ್ಲ, ಜೀರಿಗೆ, ಒಣಮೆಣಸು, ಉಪ್ಪು. ಒರಳಲ್ಲಿ ಕುಟ್ಟಿ ಕಡ್ಡಿಗೆ ಮೆತ್ತಿದ್ದು. ಚೀಪುತ್ತಿದ್ದರೆ ಬಾಯಿ ತುಂಬ ನೀರು. ಗುಡ್ಡ ಇಳಿಯುವವರೆಗೆ ಬಾಯಾರಿಕೆ ಅನ್ನುತ್ತಿರಲಿಲ್ಲ. ಕಾಂತ ತನ್ನದು ಬೇಗ ಮುಗಿಸಿ ನನ್ನದಕ್ಕೆ ಕೈ ಹಾಕುತ್ತಿದ್ದ. ಕೊಡುತ್ತಿದ್ದೆ.

ನೀರು ಕೊಡದೆಯೂ ಬಾಯಾರಿಕೆ ಕಳೆಯಬಹುದಲ್ಲ. ಇಷ್ಟು ದಿನ ಯಾರಿಗೂ ಹೊಳೆಯಲಿಲ್ಲ. ಉಪ್ಪು ಕೂಡದು ಅಂದಿದ್ದಾರೆ — ಉಪ್ಪು ಹಾಕದಿದ್ದರಾಯಿತು.

ಮಾರ್ಚ್ 17, ಭಾನುವಾರ

ಹೊಸ ಹುಣಸೆಹಣ್ಣು. ಬೀಜ, ನಾರು ತೆಗೆಯುವುದರಲ್ಲೇ ಬೆಳಗು ಹೋಯಿತು. ಮಿಕ್ಸಿ ಬೇಡ, ಒರಳಲ್ಲೇ ಕುಟ್ಟಿದೆ. ಎಂಟು ಮಾಡಿದೆ. ದಿನಕ್ಕೊಂದು ಅಂತ ಹೇಳಿ ಎಂಟನ್ನೂ ಕಾಂತನ ಕೈಗಿಟ್ಟೆ.

ಹೇಮಂಗೆ ಹೇಳಬೇಡ ಅಂದ. ನಾನು ಹೇಳುವವಳೂ ಅಲ್ಲ. ಕಣ್ಣು ಮುಚ್ಚಿ ಚೀಪಿದ. ಕೆನ್ನೆ ಒಳಕ್ಕೆ ಹೋಯಿತು, ಹೊರಗೆ ಬಂತು. ಉಪ್ಪಿಲ್ಲ ಅಂತ ಗೊಣಗಲೂ ಇಲ್ಲ. ಅವನ ಮುಖದಲ್ಲಿ ಅಷ್ಟು ಖುಷಿ ನೋಡಿ ಯಾವ ಕಾಲವಾಗಿತ್ತು. ನನಗೂ ಬಾಯಲ್ಲಿ ನೀರೂರಿತು.

ಮಾರ್ಚ್ 19, ಮಂಗಳವಾರ, ಬೆಳಗ್ಗೆ 11. ಸಾಗರ. ಆಸ್ಪತ್ರೆಯ ಬೆಂಚು.

ಬರೆಯದಿದ್ದರೆ ಆಗುವುದಿಲ್ಲ.

ನಿನ್ನೆ ಸಂಜೆ ಕಾಂತನಿಗೆ ಕಾಲೆತ್ತಲು ಆಗಲಿಲ್ಲ. ಎದೆ ಹೇಗೆ ಹೇಗೋ ಆಗುತ್ತದೆ ಅಂದ. ಪಕ್ಕದ ಮನೆಯವರ ಓಮ್ನಿಯಲ್ಲಿ ತಂದೆವು. ತಕ್ಷಣ ಡಯಾಲಿಸಿಸ್‌ಗೆ ಹಾಕಿದರು. ರಕ್ತದಲ್ಲಿ ಪೊಟ್ಯಾಸಿಯಂ ಮಿತಿ ಮೀರಿದೆ, ಇನ್ನೊಂದು ಗಂಟೆ ತಡವಾಗಿದ್ದರೆ ಹೃದಯ ನಿಲ್ಲುತ್ತಿತ್ತು ಅಂದರು ಡಾಕ್ಟರು. ಉಪ್ಪು ಒಂದೇ ಅಲ್ಲವಂತೆ. ಹುಣಸೆ, ಬೆಲ್ಲ, ಎಳನೀರು, ಹಲಸು... ಎಲ್ಲದರಲ್ಲೂ ಪೊಟ್ಯಾಸಿಯಂ, ಇವರಿಗೆ ಅವೆಲ್ಲ ವಿಷವೇ.

ಹೇಮಾವತಿಯನ್ನು ಎಲ್ಲರೆದುರು ಕೇಳಿದರು, ಏನು ಕೊಟ್ಟೆ ಅಂತ. ಅನ್ನ, ಎರಡು ಸಲ ಬೇಯಿಸಿ ಬಸಿದ ತರಕಾರಿ, ಅಷ್ಟೇ ಅಂದಳು. ಸುಳ್ಳು ಹೇಳಬೇಡಮ್ಮ ಅಂದರು ಡಾಕ್ಟರು. ಅವಳು ತಲೆ ತಗ್ಗಿಸಿದಳು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ.

ನರ್ಸ್ ಅವನ ಅಂಗಿ ತಂದು ನನ್ನ ಕೈಗೆ ಕೊಟ್ಟಳು. ಜೇಬಿನಲ್ಲಿ ಕಡ್ಡಿಗಳು. ಎಂಟೂ. ಎರಡೇ ದಿನದಲ್ಲಿ ಎಂಟೂ... ಬ್ಯಾಗಿಗೆ ಹಾಕಿಕೊಂಡೆ.

ಮಾರ್ಚ್ 20

ಕಡ್ಡಿ ಒಲೆಗೆ ಹಾಕಿದೆ. ಅವನು ಉಳಿದ. ನಾನು ಬಾಯಿ ಬಿಡಲಿಲ್ಲ.

ಮಾರ್ಚ್ 25, ಸೋಮವಾರ

ಕಾಂತ ಮನೆಗೆ ಬಂದು ಮೂರು ದಿನ. ಸೀತಾರಾಮಪ್ಪ ಮಾವ ನೋಡಲು ಬಂದಿದ್ದ. ಅಮ್ಮನ ತಮ್ಮ, ಮಾತು ಒರಟು. ಗಂಡನ ಬಾಯಿ ಕಾಯೋಕೆ ಬರದವಳು ಎಂಥ ಹೆಂಡತಿ ಅಂದುಬಿಟ್ಟ. ಹೇಮಾ ಟೀ ಲೋಟ ಇಟ್ಟು ಒಳಗೆ ಹೋದಳು. ಕಾಂತ ಗೋಡೆ ಕಡೆ ಹೊರಳಿ ಮಲಗಿದ. ನಾನು ಟೀ ಕುಡಿದೆ. ಕುಡಿದೆ, ಏನೂ ಆಗದವಳ ಹಾಗೆ.

ಅಡುಗೆಮನೆಯಲ್ಲಿ ಅವಳು ಸೌತೆಕಾಯನ್ನು ಮೂರನೇ ಸಲ ಬೇಯಿಸುತ್ತಿದ್ದಳು.

"ಅಕ್ಕಾ, ನೀವು ಓದ್ದೋರು. ಸೌತೆಕಾಯಲ್ಲೂ ಇರ್ತದಾ ಆ ಪೊಟ್ಯಾಸಿಯಂ? ನಾನೇ ಎಲ್ಲೋ ತಪ್ಪಿದೀನಿ."

ನೋಡಿ ಹೇಳುತ್ತೇನೆ ಅಂದೆ. ನೋಡಿ ಹೇಳುತ್ತಾಳಂತೆ. ಥೂ.

ಮಾರ್ಚ್ 27, ಬುಧವಾರ

ಮಕ್ಕಳಿಗೆ ಚಿಕ್ಕಿ ಹಂಚುತ್ತಿದ್ದಾಗ ಫೋನು. ಕಾಂತ. ಇನ್ನೂ ನಾಲ್ಕು ಚಿಗಳಿ ಮಾಡಿಕೊಡು, ಈ ಸಲ ದಿನಕ್ಕೆ ಒಂದೇ, ಅಮ್ಮನಾಣೆ ಅಂದ. ಆಗಲ್ಲ ಅಂದೆ. ಫೋನು ಇಟ್ಟ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ನಾನು ಕೊಡದಿದ್ದರೆ ಇನ್ನೊಬ್ಬರನ್ನು ಕೇಳುತ್ತಾನೆ. ಮನೆಯಲ್ಲಿ ಇರುವವಳಿಗೆ ಗೊತ್ತಿರದಿದ್ದರೆ ಅವನನ್ನು ಕಾಯುವವರು ಯಾರು? ನಾಳೆ ಹೇಳುತ್ತೇನೆ. ಅವಳು ನನ್ನನ್ನು ಹೊಸಿಲು ತುಳಿಯಲು ಬಿಡದಿದ್ದರೂ ಸರಿ.

ಮಾರ್ಚ್ 28, ಗುರುವಾರ, ಸಂಜೆ 7

ಹೇಳಿದೆ. ಕಾಂತ ಕೋಣೆಯಲ್ಲಿ ಮಲಗಿದ್ದ. ಹೇಮಾ ತರಕಾರಿ ಹೆಚ್ಚುತ್ತಿದ್ದಳು. ಎಲ್ಲ ಹೇಳಿದೆ — ಎಂಟು ಅಂತಲೂ, ಕಡ್ಡಿ ಸುಟ್ಟದ್ದೂ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

ಕೈ ಒರೆಸಿಕೊಂಡು ಎದ್ದಳು. ಕಪಾಟಿನ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದೆ. ತಿನ್ನಬಾರದ್ದರ ಪಟ್ಟಿ. ಡಯಾಲಿಸಿಸ್ ಶುರುವಾದಾಗ ಆಸ್ಪತ್ರೆಯಲ್ಲಿ ಹೇಳಿದ್ದನ್ನು ಕಾಂತನೇ ಬರೆದುಕೊಂಡಿದ್ದನಂತೆ. ಹದಿನೇಳು ತಿಂಗಳಲ್ಲಿ ನಾನು ಒಮ್ಮೆಯೂ ಆ ಬಾಗಿಲು ತೆಗೆದು ನೋಡಿಲ್ಲ. ಮೊದಲ ಸಾಲೇ ಹುಣಸೆಹಣ್ಣು. ಎರಡನೆಯದು ಬೆಲ್ಲ. ಅವನದೇ ಅಕ್ಷರ. ನಾನೇ ತಿದ್ದಿಸಿದ ಅಕ್ಷರ.

"ನನ್ನತ್ರನೂ ಕೇಳಿದ್ರು ಅಕ್ಕಾ. ನಾ ಕೊಡ್ಲಿಲ್ಲ. ಮೂರು ದಿನ ಮಾತು ಬಿಟ್ರು. ಆಮೇಲೆ ನಿಮ್ಮನ್ನ ಕೇಳಿದಾರೆ."

ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದ. ಇಲ್ಲ ಅನ್ನಲು ಬಾರದವಳು ಯಾರು ಅಂತಲೂ ಗೊತ್ತಿತ್ತು.

ಮಾತು ಕೇಳಿಸಿತೋ ಏನೋ, ಗೋಡೆ ಹಿಡಿದುಕೊಂಡು ಎದ್ದು ಬಂದ. ಮುಖ ನೋಡಲಿಲ್ಲ, ನನ್ನ ಕೈ ನೋಡಿದ.

"ತಂದ್ಯಾ ಅಕ್ಕಾ?"

ತಮ್ಮನ ಮನೆಗೆ ಬರಿಗೈಯಲ್ಲಿ ಹೋದದ್ದು ಇದೇ ಮೊದಲು. ತಂದಿಲ್ಲ ಅಂದೆ. ಇನ್ನು ತರುವುದೂ ಇಲ್ಲ ಅಂದೆ. ಹೇಮಾ ಬಂದು ನನ್ನ ಪಕ್ಕ ನಿಂತಳು. ಅವನು ನಮ್ಮಿಬ್ಬರನ್ನೂ ನೋಡಿದ. ಅಲ್ಲೇ ನೆಲದ ಮೇಲೆ ಕೂತು, ಸಣ್ಣ ಮಗುವಿನ ಹಾಗೆ ಅಳತೊಡಗಿದ.